ಆರ್ಸ್ ಗ್ರಾಮ ಮತ್ತು ಅದರ ಗುರು

ಪ್ರತಿವರ್ಷ ಆಗಸ್ಟ್ 4ರಂದು ಧರ್ಮಸಭೆಯು ಸಂತ ಜಾನ್ ಮರಿಯ ವಿಯಾನ್ನಿಯವರ ಹಬ್ಬವನ್ನು ಆಚರಿಸುತ್ತದೆ. ವಿಚಾರಣಾ ಗುರುಗಳ ಪಾಲಕ ಸಂತರೆಂದು ಅವರನ್ನು ನಾವೆಲ್ಲರೂ ಬಲ್ಲೆವು. ಆದರೆ ಅವರ ಹೆಸರಿನೊಡನೆ ಸದಾ ಸೇರಿಕೊಂಡಿರುವ ಆರ್ಸ್ ಎಂಬ ಊರನ್ನು ಬಲ್ಲವರು ವಿರಳ. ಊರನ್ನು ಬಿಟ್ಟು ಈ ಸಂತರನ್ನು ಅರಿಯಲಾಗದು. ಆದ್ದರಿಂದ ಮೊದಲು ಆ ನೆಲವನ್ನು ನೋಡೋಣ.

ಫ್ರಾನ್ಸ್ ದೇಶದ ಪೂರ್ವಭಾಗದಲ್ಲಿ, ಲಿಯೋನ್ ನಗರದಿಂದ ಉತ್ತರಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಫೋರ್ಮಾನ್ ಎಂಬ ಕಿರುಹೊಳೆಯ ತಗ್ಗಿನಲ್ಲಿ ಆರ್ಸ್ ನೆಲೆಸಿದೆ. ಈ ಹೊಳೆ ಮುಂದೆ ಹರಿದು ಸೋನ್ ನದಿಯನ್ನು ಸೇರುತ್ತದೆ. ಊರಿನ ಪೂರ್ವಕ್ಕೆ ಡೋಂಬ್ ಪ್ರಸ್ಥಭೂಮಿ ಹರಡಿಕೊಂಡಿದೆ. ಹಿಮಯುಗದ ನೀರ್ಗಲ್ಲುಗಳು ಬಿಟ್ಟುಹೋದ ಅಲ್ಲಿಯ ಜೇಡಿಮಣ್ಣು ಮಳೆನೀರನ್ನು ಸುಲಭವಾಗಿ ಇಂಗಗೊಡದು. ಆದುದರಿಂದ ಮಧ್ಯಯುಗದಿಂದಲೂ ಅಲ್ಲಿಯ ಜನ ಕೆರೆಗಳನ್ನು ಕಟ್ಟುತ್ತ ಬಂದರು. ಅವುಗಳ ಸಂಖ್ಯೆ ಸಾವಿರವನ್ನು ಮುಟ್ಟಿತು. ಕೆಲಕಾಲ ಮೀನು ಸಾಕುವುದು, ಅನಂತರ ನೀರನ್ನು ಹೊರಬಿಟ್ಟು ಅದೇ ಕೆರೆಯಂಗಳದಲ್ಲಿ ಧಾನ್ಯ ಬಿತ್ತುವುದು ಅವರ ಪದ್ಧತಿ. ನಿಂತ ನೀರಿನಿಂದ ಮಂಜೂ ಮಲೇರಿಯಾ ಜ್ವರವೂ ಆ ಸೀಮೆಯನ್ನು ಕಾಡುತ್ತಿದ್ದವು. 1762ರವರೆಗೆ ಡೋಂಬ್ ಒಂದು ಪ್ರತ್ಯೇಕ ಸಂಸ್ಥಾನವಾಗಿತ್ತು. ಸಮೀಪದ ಟ್ರೆವು ಪಟ್ಟಣ ಅದರ ರಾಜಧಾನಿ. ಆರ್ಸ್‌ಗೆ ಅಂಥ ಯಾವ ಹಿರಿಮೆಯೂ ಇರಲಿಲ್ಲ. ಸುಮಾರು 40 ಮನೆಗಳು, 230 ಜನ, ಒಂದು ಜಹಗೀರುದಾರರ ಬಂಗಲೆ, ಒಂದು ಪುಟ್ಟ ದೇವಾಲಯ, ನಾಲ್ಕು ಮದ್ಯದಂಗಡಿ. 19ನೆಯ ಶತಮಾನದ ಆದಿಯಲ್ಲಿ ಆರ್ಸ್ ಎಂದರೆ ಇಷ್ಟೇ.

ವಿಯಾನ್ನಿಯವರು ಹುಟ್ಟಿದ್ದು 1786ರ ಮೇ 8ರಂದು, ಲಿಯೋನ್ ಸಮೀಪದ ಡಾರ್ದಿಯಿ ಎಂಬ ಹಳ್ಳಿಯ ಒಕ್ಕಲು ಮನೆತನದಲ್ಲಿ. ಅವರು ಮೂರು ವರ್ಷದ ಮಗುವಾಗಿದ್ದಾಗ ಫ್ರಾನ್ಸಿನ ಮಹಾಕ್ರಾಂತಿ ಭುಗಿಲೆದ್ದಿತು. ಸರ್ಕಾರದ ಪ್ರಮಾಣವಚನವನ್ನು ನಿರಾಕರಿಸಿದ ಗುರುಗಳು ತಲೆಮರೆಸಿಕೊಂಡರು. ಬಲಿಪೂಜೆ ಕೊಟ್ಟಿಗೆಗಳಲ್ಲಿ, ಕತ್ತಲಲ್ಲಿ ನಡೆಯಬೇಕಾಯಿತು. 1799ರಲ್ಲಿ ಈ ಬಾಲಕ ಪ್ರಥಮ ಪರಮಪ್ರಸಾದವನ್ನು ಸ್ವೀಕರಿಸಿದ್ದು ಎಕ್ಯುಯಿ ಗ್ರಾಮದ ಒಂದು ಮನೆಯೊಳಗೆ. ಒಳಗಿನ ದೀಪದ ಬೆಳಕು ಹೊರಗೆ ಕಾಣದಿರಲೆಂದು ಕಿಟಕಿಗಳ ಮುಂದೆ ಹುಲ್ಲಿನ ಗಾಡಿಗಳನ್ನು ನಿಲ್ಲಿಸಿದ್ದರು. ಪ್ರಾಣದ ಹಂಗು ತೊರೆದು ಬರುತ್ತಿದ್ದ ಆ ಗುರುಗಳನ್ನು ಕಂಡೇ ಅವರಲ್ಲಿ ಗುರುವಾಗುವ ಹಂಬಲ ಮೂಡಿತೆಂದು ತಿಳಿಯಬಹುದು.

ಹಂಬಲವೇನೋ ಇತ್ತು, ವಿದ್ಯೆ ಒಲಿಯಲಿಲ್ಲ. ಇಪ್ಪತ್ತರ ಹರೆಯದಲ್ಲಿ ಅವರು ಎಕ್ಯುಯಿಯ ವಿಚಾರಣಾ ಗುರು ಬಾಲೇ ಅವರ ಬಳಿ ಲತೀನ್ ಕಲಿಯಲು ಕುಳಿತರು. 1809ರಲ್ಲಿ ನೆಪೋಲಿಯನ್ನನ ಸೈನ್ಯಕ್ಕೆ ಕರೆ ಬಂದಿತು. ಕಾಯಿಲೆಯಿಂದಾಗಿ ತಮ್ಮ ದಳದೊಡನೆ ಹೊರಡಲಾಗದೆ ಹಿಂದುಳಿದ ಅವರು ಕೊನೆಗೆ ಗುಡ್ಡಗಾಡಿನ ಲೆ ನೋಯೆ ಎಂಬ ಹಳ್ಳಿಯನ್ನು ಸೇರಿ, ಬೇರೊಂದು ಹೆಸರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ಅಡಗಿದ್ದರು. 1810ರಲ್ಲಿ ತಪ್ಪಿಸಿಕೊಂಡ ಸೈನಿಕರಿಗೆ ಕ್ಷಮಾದಾನ ದೊರೆಯಿತು. ಅಣ್ಣನ ಬದಲು ತಮ್ಮ ಸೈನ್ಯ ಸೇರಿದ. 1813ರಲ್ಲಿ ಲಿಯೋನಿನ ಗುರುಮಠವನ್ನು ಪ್ರವೇಶಿಸಿದರೂ ಲತೀನಿನ ಪಾಠ ಅರ್ಥವಾಗದೆ ಕೆಲವೇ ತಿಂಗಳಲ್ಲಿ ಮರಳಬೇಕಾಯಿತು. ಬಾಲೇ ಗುರುಗಳು ಕೈಬಿಡಲಿಲ್ಲ. ಅವರ ಆಗ್ರಹದ ಫಲವಾಗಿ 1815ರ ಆಗಸ್ಟ್ 13ರಂದು ಗ್ರೆನೋಬಲ್ ನಗರದಲ್ಲಿ ವಿಯಾನ್ನಿಯವರಿಗೆ ಗುರುದೀಕ್ಷೆಯಾಯಿತು. ಆದರೂ ಪಾಪನಿವೇದನೆ ಕೇಳುವ ಅಧಿಕಾರ ಕೂಡಲೇ ದೊರೆಯಲಿಲ್ಲ. ಅದಕ್ಕೆ ಅವರು ತಿಂಗಳುಗಟ್ಟಲೆ ಕಾದರು. ಮುಂದೆ ಲಕ್ಷಾಂತರ ಜನ ಇದೇ ಗುರುವಿನ ಮುಂದೆ ಮೊಣಕಾಲೂರಿದರೆಂಬುದನ್ನು ನೆನೆದಾಗ ದೈವಸಂಕಲ್ಪ ಎಷ್ಟು ನಿಗೂಢವೆಂದು ನಾವು ಬೆರಗಾಗುತ್ತೇವೆ.

1817ರ ಕೊನೆಯಲ್ಲಿ ಬಾಲೇ ತೀರಿಕೊಂಡರು. 1818ರ ಫೆಬ್ರುವರಿಯಲ್ಲಿ ವಿಯಾನ್ನಿಯವರು ಕಾಲ್ನಡಿಗೆಯಲ್ಲಿ ಆರ್ಸ್‌ಗೆ ಹೊರಟರು. ಆಗ ಅದು ಸ್ವತಂತ್ರ ವಿಚಾರಣೆ ಕೂಡ ಆಗಿರಲಿಲ್ಲ. ಆ ಸ್ಥಾನ ದೊರೆತದ್ದು 1821ರಲ್ಲಿ. ಊರು ಸಮೀಪಿಸಿದಾಗ ಮಂಜು ಕವಿದು ದಾರಿ ತಪ್ಪಿತೆಂದೂ, ಕುರಿ ಕಾಯುತ್ತಿದ್ದ ಬಾಲಕನೊಬ್ಬ ದಾರಿ ತೋರಿದನೆಂದೂ, ಪ್ರತಿಯಾಗಿ ಅವನಿಗೆ ಸ್ವರ್ಗದ ದಾರಿ ತೋರುವುದಾಗಿ ಗುರುಗಳು ಮಾತು ಕೊಟ್ಟರೆಂದೂ ಆ ಊರಿನ ಜನ ಹೇಳುತ್ತ ಬಂದಿದ್ದಾರೆ. ಆ ಭೇಟಿಯ ಸ್ಮಾರಕವೊಂದು ಊರಿನ ಬಳಿ ನಿಂತಿದೆ.

ಆರ್ಸ್‌ನ ಜನ ದುಷ್ಟರಾಗಿರಲಿಲ್ಲ. ಕ್ರಾಂತಿಯ ಕಾಲದಲ್ಲಿ ದೇವಾಲಯ ಸೂರೆಯಾಗಿತ್ತು. ಒಂದು ತಲೆಮಾರು ಧರ್ಮೋಪದೇಶವಿಲ್ಲದೆ ಬೆಳೆದಿತ್ತು. ಭಾನುವಾರ ಹೊಲದ ಕೆಲಸ, ಸಂಜೆ ಕುಡಿತ, ಕುಣಿತ. ಚಿಕ್ಕ ಮಕ್ಕಳೂ ದನಕುರಿಗಳ ಹಿಂದೆ ಹೋಗುತ್ತಿದ್ದುದರಿಂದ ಅಕ್ಷರವಿರಲಿಲ್ಲ. ಹೊಸ ಗುರುಗಳು ಬೆಳಗಿನ ಜಾವವೇ ದೇವಾಲಯದಲ್ಲಿ ಪ್ರಾರ್ಥನೆಗೆ ಕುಳಿತರು. ಬೇಯಿಸಿದ ಆಲೂಗೆಡ್ಡೆಯೇ ಅವರ ಬಹುದಿನಗಳ ಆಹಾರವಾಯಿತು. ಮನೆಮನೆಗೆ ಹೋಗಿ ಬೆಳೆಯ, ಮಕ್ಕಳ, ದನಗಳ ಯೋಗಕ್ಷೇಮ ವಿಚಾರಿಸಿದರು. ಪ್ರಸಂಗಪೀಠದಲ್ಲಿ ಮಾತ್ರ ಅವರು ಅತ್ಯಂತ ಕಠಿಣರು. ಕುಣಿತ ಬಿಡದವರಿಗೆ ಪಾಪಕ್ಷಮೆಯನ್ನೇ ಮುಂದೂಡುತ್ತಿದ್ದರು. ಈ ಕಾಠಿಣ್ಯ ಅತಿಯಾಗಿತ್ತೆಂದು ಇಂದು ನಮಗೆ ತೋರಿದರೆ ತಪ್ಪಲ್ಲ. ವರ್ಷಗಳು ಕಳೆದಂತೆ ಅವರೂ ಮೃದುವಾದರು. ಮದ್ಯದಂಗಡಿಗಳು ಒಂದೊಂದಾಗಿ ಮುಚ್ಚಿದವು. ಆದರೆ ಇದಕ್ಕೆ ಅವರು ಬೆಲೆ ತೆರಬೇಕಾಯಿತು. ಅವರ ಶೀಲದ ಬಗೆಗೇ ಅಪವಾದ ಹಬ್ಬಿಸಿದರು. ನೆರೆಯ ಗುರುಗಳಲ್ಲಿ ಕೆಲವರು ಅವರ ಅಜ್ಞಾನವನ್ನು ಕುರಿತು ದೂರಿನ ಪತ್ರವನ್ನು ಸಿದ್ಧಪಡಿಸಿದರು. ಆ ಪತ್ರ ಕೈಗೆ ಸಿಕ್ಕಾಗ ವಿಯಾನ್ನಿಯವರು ಅದಕ್ಕೆ ತಾವೂ ಸಹಿ ಹಾಕಿ ಕಳುಹಿಸಿದರು.

1824ರಲ್ಲಿ ಅವರು ಹೆಣ್ಣುಮಕ್ಕಳಿಗಾಗಿ ಉಚಿತ ಶಾಲೆಯನ್ನು ತೆರೆದು ಅದಕ್ಕೆ ಪ್ರಾವಿಡೆನ್ಸ್, ಅಂದರೆ ದೈವಾನುಗ್ರಹ, ಎಂದು ಹೆಸರಿಟ್ಟರು. ಊರಿನ ರೈತ ಯುವತಿಯರಾದ ಕ್ಯಾಥರಿನ್ ಲಸಾಞ್ ಮತ್ತು ಬೆನ್ವಾತ್ ಲಾರ್ದೆ ಅದನ್ನು ನಡೆಸಿದರು. ಬೇಗನೆ ಅದು ಅನಾಥೆಯರ ಮನೆಯೂ ಆಯಿತು. ಅಲ್ಲಿಯ ಮಕ್ಕಳಿಗೆ ಗುರುಗಳು ನೀಡುತ್ತಿದ್ದ ಸರಳ ಧರ್ಮೋಪದೇಶವನ್ನು ಕೇಳಲು ಹೊರಗಿನವರೂ ಬರತೊಡಗಿದರು. ಹೀಗೆ ಆರಂಭವಾದ ಜನಪ್ರವಾಹ ಮತ್ತೆ ನಿಲ್ಲಲಿಲ್ಲ. ಅವರ ಕೊನೆಯ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 80,000ದಿಂದ ಒಂದು ಲಕ್ಷ ಯಾತ್ರಿಕರು ಬರುತ್ತಿದ್ದರೆಂದು ಅಂದಾಜು. 230 ಜನರ ಊರಿಗೆ ಲಿಯೋನಿನಿಂದ ದಿನನಿತ್ಯ ಗಾಡಿಗಳು ಓಡಿದವು, ವಸತಿಗೃಹಗಳು ಎದ್ದವು. ಗುರುಗಳು ನಡುರಾತ್ರಿ ಕಳೆದೊಡನೆ ಎದ್ದು ದೇವಾಲಯಕ್ಕೆ ಹೋಗಿ, ಚಳಿಗಾಲದಲ್ಲಿ ಹನ್ನೊಂದು ಹನ್ನೆರಡು ಗಂಟೆ, ಬೇಸಗೆಯಲ್ಲಿ ಅದಕ್ಕೂ ಹೆಚ್ಚು ಹೊತ್ತು ಪಾಪನಿವೇದನಾ ಪೀಠದಲ್ಲಿ ಕುಳಿತಿರುತ್ತಿದ್ದರು. 1852ರಲ್ಲಿ ಧರ್ಮಾಧ್ಯಕ್ಷರು ಗೌರವವಾಗಿ ತೊಡಿಸಿದ ರೇಷ್ಮೆಯ ಮೇಲುಡುಪನ್ನು 50 ಫ್ರಾಂಕಿಗೆ ಮಾರಿ ಬಡವರಿಗೆ ಹಂಚಿದರು.

ಇಂಥವರು ಆರ್ಸ್‌ನ್ನು ಬಿಟ್ಟು ಓಡಲು ಮತ್ತೆ ಮತ್ತೆ ಯತ್ನಿಸಿದರೆಂಬುದು ಅನೇಕರಿಗೆ ತಿಳಿಯದು. ಆತ್ಮಗಳ ಹೊಣೆಗೆ ತಾವು ಅಯೋಗ್ಯರೆಂಬ ಅಳುಕು ಅವರನ್ನು ಜೀವಮಾನವೆಲ್ಲ ಕಾಡಿತು. ಏಕಾಂತದಲ್ಲಿ ತಮ್ಮ ಪಾಪಗಳಿಗಾಗಿ ಅಳಬೇಕೆಂಬುದು ಅವರ ಆಸೆ. 1840ರಲ್ಲಿ ಒಂದು ರಾತ್ರಿ ಹೊರಟು ಸ್ವಲ್ಪ ದೂರ ನಡೆದು ತಾವೇ ಮರಳಿದರು. 1843ರಲ್ಲಿ ಡಾರ್ದಿಯಿಯ ತಮ್ಮ ಮನೆಯವರಲ್ಲಿಗೆ ಹೋದರು. ಯಾತ್ರಿಕರು ಅಲ್ಲಿಗೂ ಬೆನ್ನಟ್ಟಿದರು, ಕೆಲವು ದಿನಗಳಲ್ಲೇ ಅವರು ಹಿಂದಿರುಗಿದರು. 1853ರ ಸೆಪ್ಟೆಂಬರಿನ ಒಂದು ರಾತ್ರಿ ಮತ್ತೆ ಹೊರಟಾಗ ಗ್ರಾಮಸ್ಥರು ದೇವಾಲಯದ ಗಂಟೆ ಬಾರಿಸಿ, ದಾರಿಗಡ್ಡ ನಿಂತು, ಕಣ್ಣೀರಿಟ್ಟು ತಡೆದರು. ಅವರು ಮರಳಿ ಪಾಪನಿವೇದನಾ ಪೀಠವನ್ನು ಸೇರಿದರು.

1859ರ ಆಗಸ್ಟ್ 4ರ ಮುಂಜಾವ, 73ನೆಯ ವಯಸ್ಸಿನಲ್ಲಿ, 41 ವರ್ಷ ಬಾಳಿದ ಆ ಊರಿನಲ್ಲೇ ವಿಯಾನ್ನಿಯವರು ಕಣ್ಮುಚ್ಚಿದರು. 1905ರಲ್ಲಿ ಅವರನ್ನು ಧನ್ಯರೆಂದೂ, 1925ರ ಮೇ 31ರಂದು ಸಂತರೆಂದೂ ಘೋಷಿಸಲಾಯಿತು. 1929ರಲ್ಲಿ ಅವರು ವಿಚಾರಣಾ ಗುರುಗಳ ಪಾಲಕರಾದರು. ಹಳೆಯ ಪುಟ್ಟ ದೇವಾಲಯವನ್ನು ಕೆಡವದೆ ಅದಕ್ಕೆ ಸೇರಿಸಿಯೇ ಪಿಯೆರ್ ಬೊಸ್ಸಾನ್ ಎಂಬ ಶಿಲ್ಪಿ ಮಹಾದೇವಾಲಯವನ್ನು ರೂಪಿಸಿದರು. 1986ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅಲ್ಲಿಗೆ ಯಾತ್ರೆ ಹೋದರು. ಆರ್ಸ್ ಸುರ್ ಫೋರ್ಮಾನ್ ಎಂದು ಕರೆಯಲ್ಪಡುವ ಆ ಊರು ಇಂದಿಗೂ ಹಳ್ಳಿಯೇ.

ಸ್ಥಳವೆಂಬುದು ವಸ್ತುವಿನ ಸಾರವಲ್ಲ, ಹೊರಗಿನಿಂದ ಬಂದು ಸೇರುವ ಲಕ್ಷಣ ಮಾತ್ರ ಎಂದು ಅರಿಸ್ಟಾಟಲನನ್ನು ಅನುಸರಿಸಿ ನಾವು ತತ್ತ್ವಶಾಸ್ತ್ರದಲ್ಲಿ ಓದುತ್ತೇವೆ. ಒಬ್ಬ ಮನುಷ್ಯ ಲಿಯೋನಿನಲ್ಲಿದ್ದರೂ ಆರ್ಸ್‌ನಲ್ಲಿದ್ದರೂ ಅದೇ ಮನುಷ್ಯ. ತರ್ಕಕ್ಕೆ ಇದು ಸರಿ. ಬದುಕಿಗೆ ಇಷ್ಟು ಸಾಲದೆಂದು ಆರ್ಸ್ ನಮಗೆ ಕಲಿಸುತ್ತದೆ. ಗುರುಗಳು ಊರನ್ನು ಬದಲಿಸಿದರೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಆ ರಾತ್ರಿ ಗಂಟೆ ಬಾರಿಸಿದ ಒಕ್ಕಲಿಗರು ಗುರುವನ್ನು ಉಳಿಸಿಕೊಂಡರೆಂಬುದೂ ಅಷ್ಟೇ ನಿಜ. ತಮಗೆ ಸಿಕ್ಕ ಊರು ಚಿಕ್ಕದೆಂದು ಕೊರಗುವ ಗುರುಗಳೂ, ತಮಗೆ ಸಿಕ್ಕ ಗುರು ಪಂಡಿತನಲ್ಲವೆಂದು ಗೊಣಗುವ ವಿಶ್ವಾಸಿಗಳೂ ಈ ಹಬ್ಬದ ದಿನ ಆರ್ಸ್‌ನ್ನು ನೆನೆಯಲಿ. ಹೋಗಬಯಸಿದವರು ಉಳಿದರು, ಕಳೆದುಕೊಳ್ಳಬಹುದಾಗಿದ್ದವರು ತಡೆದರು. ಪವಿತ್ರತೆ ಆ ಊರಿನಲ್ಲಿ ಬೇರೂರಿದ್ದು ಹೀಗೆ.