ನೆಲದ ಹಕ್ಕಿನ ಬೀಜ ಬಿತ್ತಿದ ಕುದ್ಮುಲ್ ರಂಗರಾಯರು

ಮಂಗಳೂರು: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದಲ್ಲಿ ಡಿ.ಸಿ. ಮನ್ನಾ ಭೂಮಿ ಎಂಬ ಮಾತನ್ನು ಕೇಳದವರು ವಿರಳ. ಇಲ್ಲಿ ಡಿ.ಸಿ. ಎಂದರೆ ಜಿಲ್ಲಾಧಿಕಾರಿಯಲ್ಲ, ಬ್ರಿಟಿಷರ ಕಾಲದ ಕಡತಗಳಲ್ಲಿನ ಡಿಪ್ರೆಸ್ಡ್ ಕ್ಲಾಸ್, ಅರ್ಥಾತ್ ದಮನಿತ ವರ್ಗ. ತುಳುನಾಡಿನ ಮಣ್ಣಿನ ಮೂಲನಿವಾಸಿಗಳಾಗಿದ್ದೂ ಅಂಗೈಯಗಲ ಜಾಗಕ್ಕೆ ಒಡೆಯರಾಗದ ಜನರಿಗೆಂದು ಕಾದಿರಿಸಿದ ಭೂಮಿಯದು. ಈ ಜನರಿಗೆ ಅಕ್ಷರದ ಜತೆಗೆ ನೆಲವೂ ಬೇಕೆಂದು ಜಿಲ್ಲೆಯಲ್ಲಿ ಮೊದಲಾಗಿ ದನಿಯೆತ್ತಿದವರಲ್ಲಿ ಕುದ್ಮುಲ್ ರಂಗರಾಯರು ಅಗ್ರಗಣ್ಯರು.

1859ರ ಜೂನ್ 29ರಂದು ಕಾಸರಗೋಡಿನ ಕುದ್ಮುಲ್‌ನಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ರಂಗರಾಯರು ತಂದೆಯ ನಿಧನಾನಂತರ ಉದ್ಯೋಗವನ್ನರಸಿ ಮಂಗಳೂರಿಗೆ ಬಂದರು. ಅಧ್ಯಾಪಕರಾಗಿ ದುಡಿಯುತ್ತಲೇ ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವಕೀಲರಾದರು. ಬಡವರ ವಕೀಲರೆಂದು ಹೆಸರಾದರು. ಉಳ್ಳಾಲ ರಘುನಾಥಯ್ಯನವರ ಪ್ರಭಾವದಿಂದ ಬ್ರಹ್ಮಸಮಾಜದತ್ತ ಒಲಿದರು. ಓದುಬರಹ ಬಲ್ಲ ಬೆಂದೂರು ಬಾಬು ಎಂಬ ದಲಿತ ಯುವಕ ನ್ಯಾಯಾಲಯದಲ್ಲಿ ಜವಾನನಾಗಿ ಸೇರಿದಾಗ ಮೇಲ್ಜಾತಿಯವರು ಅದನ್ನು ಸಹಿಸಲಿಲ್ಲ. ಆ ಅನ್ಯಾಯ ರಂಗರಾಯರ ಬದುಕಿನ ದಿಕ್ಕನ್ನೇ ಬದಲಿಸಿತು.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ವಿರೋಧ ಪ್ರಬಲವಾಗಿತ್ತು, ಕಲಿಸಲು ಅಧ್ಯಾಪಕರೇ ದೊರೆಯದಿದ್ದಾಗ ಕ್ರೈಸ್ತ ಶಿಕ್ಷಕರು ನೆರವಾದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪನೆಯಾಯಿತು. ಕೊಡಿಯಾಲಬೈಲಿನ ಕೋರ್ಟುಗುಡ್ಡೆಯಲ್ಲಿ ಶಾಲೆ, ವಿದ್ಯಾರ್ಥಿನಿಲಯ ಹಾಗೂ ಕೈಕಸುಬು ತರಬೇತಿಯ ವ್ಯವಸ್ಥೆ ರೂಪುಗೊಂಡಿತು. ಮಧ್ಯಾಹ್ನದ ಊಟ, ಹಾಜರಿಗೆ ಎರಡು ಪೈಸೆಯ ಉತ್ತೇಜನವೂ ಇತ್ತು.

ಶಾಲೆ ಮಾತ್ರ ಸಾಲದೆಂಬುದನ್ನು ಅವರು ಬೇಗನೆ ಮನಗಂಡರು. ಧಣಿಯ ಹಿತ್ತಿಲಲ್ಲೇ ಗುಡಿಸಲಿದ್ದವನಿಗೆ ಧಣಿಯ ಮಾತು ಮೀರುವ ಧೈರ್ಯ ಎಲ್ಲಿಂದ ಬರಬೇಕು? ಆದುದರಿಂದ ನಿವೇಶನಗಳನ್ನು ದೊರಕಿಸಿ ದಲಿತರನ್ನು ನೆಲೆಗೊಳಿಸಲು ಶ್ರಮಿಸಿದರು. ಅತ್ತಾವರದ ಬಾಬುಗುಡ್ಡೆಯಂಥ ವಸತಿಗಳು ಆ ಪ್ರಯತ್ನವನ್ನು ನೆನಪಿಸುತ್ತವೆ.

ಬೆಲೆ ತೆರಬೇಕಾಯಿತು. ಸ್ವಜಾತಿಯವರು ಬಹಿಷ್ಕರಿಸಿದರು. ಆದರೂ ಅವರು ವಿಧವೆಯಾದ ಮಗಳು ರಾಧಾಬಾಯಿಗೆ ಡಾ. ಪಿ. ಸುಬ್ಬರಾಯನ್ ಅವರೊಂದಿಗೆ ಅಂತರ್ಜಾತೀಯ ಮರುವಿವಾಹ ಮಾಡಿಸಿದರು. ಸುಬ್ಬರಾಯನ್ ಮುಂದೆ ಮದರಾಸು ಪ್ರಾಂತದ ಮುಖ್ಯಮಂತ್ರಿಯಾದರು. ರಂಗರಾಯರು ಕೊನೆಗಾಲದಲ್ಲಿ ಸನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ನಿಧನರಾದರು. ಅವರ ಇಚ್ಛೆಯಂತೆ ದಲಿತರೇ ಅಂತ್ಯಕ್ರಿಯೆ ನೆರವೇರಿಸಿದರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಸಂಸ್ಥೆಯನ್ನು ಸಂದರ್ಶಿಸಿದರು.

ಹೊಲ ಉಳುವ ದಲಿತನ ಆಸೆ ಶಿವರಾಮ ಕಾರಂತರ ‘ಚೋಮನ ದುಡಿ’ಯ ವಸ್ತುವಾದದ್ದು 1933ರಲ್ಲಿ, ರಂಗರಾಯರು ತೀರಿದ ಐದು ವರ್ಷಗಳ ಬಳಿಕ. ಕೊರಗರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 2000ದಲ್ಲಿ. ಬೆಳ್ತಂಗಡಿಯ ಘಟ್ಟದ ತಪ್ಪಲಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಸಿಲುಕಿದ ಮಲೆಕುಡಿಯರಿಗೆ 2006ರ ಅರಣ್ಯ ಹಕ್ಕು ಕಾಯಿದೆ ಆಸರೆಯಾಗಿ ಬಂದಿತು. ಆದರೆ ಡಿ.ಸಿ. ಮನ್ನಾ ಭೂಮಿಯನ್ನು ಅಳೆದು, ಅತಿಕ್ರಮಣ ತೆರವುಗೊಳಿಸಿ ಅರ್ಹರಿಗೆ ಹಂಚಬೇಕೆಂಬ ಒತ್ತಾಯ ಮಾತ್ರ ತಾಲೂಕು ಕಚೇರಿಗಳ ಮುಂದೆ ಮತ್ತೆ ಮತ್ತೆ ಕೇಳಿಬಂದಿದೆ. ಮಂಗಳೂರಿನ ಪುರಭವನಕ್ಕೆ ರಂಗರಾಯರ ಹೆಸರಿಟ್ಟಾಗಿದೆ. ಅವರ ಕೆಲಸದ ಉಳಿಕೆ ಕಂದಾಯ ದಾಖಲೆಗಳಲ್ಲಿದೆ.