ರೋಗ ಗೊತ್ತಿದ್ದೂ ಎದೆ ತೋರಿಸದ ಡಾಕ್ಟರ್: ಆಂಟನ್ ಚೆಕಾವ್ ಮತ್ತು ಕ್ಷಯ

ಆಂಟನ್ ಚೆಕಾವ್ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ರಷ್ಯದ ಸಣ್ಣಕತೆಗಳು, ‘ಚೆರಿ ಆರ್ಚರ್ಡ್’ ನಾಟಕ. ಆದರೆ ಅವರು ಓದಿದ್ದು ವೈದ್ಯಕೀಯ. 1884ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ ಡಾಕ್ಟರಾದರು. ಅದೇ ವರ್ಷ ಡಿಸೆಂಬರಿನಲ್ಲಿ ಕೆಮ್ಮಿದಾಗ ಬಾಯಿಂದ ರಕ್ತ ಬಂತು. ಆಗ ಅವರಿಗೆ 24 ವರ್ಷ. ಕ್ಷಯ ತರುವ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ತೋರಿಸಿ ಎರಡು ವರ್ಷವಾಗಿತ್ತು. ಕೆಮ್ಮಿನ ಜೊತೆ ರಕ್ತ ಬಂದರೆ ಏನರ್ಥ ಎಂದು ಈ ಹೊಸ ಡಾಕ್ಟರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೂ ಗಂಟಲಿನಲ್ಲಿ ಯಾವುದೋ ರಕ್ತನಾಳ ಒಡೆದಿರಬೇಕು ಎಂದು ಹೇಳಿ ವಿಷಯ ಮುಗಿಸಿದರು. ನಾಲ್ಕು ವರ್ಷದ ನಂತರ ಪ್ರಕಾಶಕ ಸುವೊರಿನ್‌ಗೆ ಬರೆದ ಪತ್ರದಲ್ಲಿ ಅವರ ವಾದ ಹೀಗಿತ್ತು: ಅದು ಕ್ಷಯವೇ ಆಗಿದ್ದರೆ ತಾನು ಇಷ್ಟರಲ್ಲಿ ಸತ್ತಿರಬೇಕಿತ್ತು. ಔಷಧಿ ಅಂಗಡಿಯಲ್ಲಿ ನಿಂತವರಿಗೆ ಈ ವಾದ ಹೊಸದಲ್ಲ. ದೊಡ್ಡ ಕಾಯಿಲೆ ಆಗಿದ್ದರೆ ಈ ಹೊತ್ತಿಗೆ ಗೊತ್ತಾಗುತ್ತಿತ್ತು ಎಂದು ತಿಂಗಳುಗಟ್ಟಲೆ ಕೆಮ್ಮಿನ ಸಿರಪ್ ಒಯ್ಯುವವರು ಈಗಲೂ ಇದ್ದಾರೆ. ಕ್ಷಯ ನಿಧಾನದ ರೋಗ. ದೇಹದ ರೋಗನಿರೋಧಕ ಶಕ್ತಿ ಬ್ಯಾಕ್ಟೀರಿಯಾವನ್ನು ಸುತ್ತುಗಟ್ಟಿ ಹಿಡಿದಿಡುತ್ತದೆ, ವರ್ಷಗಟ್ಟಲೆ ಸುಮ್ಮನಿರುತ್ತದೆ, ದೇಹ ದಣಿದಾಗ ಮತ್ತೆ ತಲೆಯೆತ್ತುತ್ತದೆ.

ಅವರು ಜೊತೆಯ ವೈದ್ಯರಿಗೂ ಎದೆ ತೋರಿಸಲು ಒಪ್ಪುತ್ತಿರಲಿಲ್ಲ. ಇದನ್ನು ಬರೀ ಹೆದರಿಕೆ ಅನ್ನಲು ನನಗೆ ಮನಸ್ಸಾಗುವುದಿಲ್ಲ. ಅಪ್ಪನ ಅಂಗಡಿ 1876ರಲ್ಲಿ ದಿವಾಳಿಯಾದ ಮೇಲೆ ಇಡೀ ಸಂಸಾರ ನಿಧಾನವಾಗಿ ಆಂಟನ್ ಸಂಪಾದನೆಯ ಮೇಲೇ ನಿಂತಿತ್ತು. ರೋಗಕ್ಕೆ ಹೆಸರಿಟ್ಟರೂ ಕೊಡಲು ಮದ್ದಿರಲಿಲ್ಲ: ವಿಶ್ರಾಂತಿ, ಒಳ್ಳೆಯ ಊಟ, ಬೆಚ್ಚಗಿನ ಊರಿನ ಗಾಳಿ, ಕ್ರಿಯೋಸೋಟ್. ಬ್ಯಾಕ್ಟೀರಿಯಾವನ್ನು ಕೊಲ್ಲುವ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು 1943ರಲ್ಲಿ. ಇಂದು ಕಾಯಿಲೆಯನ್ನು ಮುಚ್ಚಿಡುವವರಿಗೆ ಆ ಕಾರಣ ಇಲ್ಲ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮಾತ್ರೆ, ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು.

1889ರಲ್ಲಿ ಚಿತ್ರಕಾರನಾಗಿದ್ದ ಅಣ್ಣ ನಿಕೊಲಾಯ್ ಇದೇ ರೋಗದಿಂದ ತೀರಿಕೊಂಡ. ಆರೈಕೆ ಮಾಡಿದ್ದು ಚೆಕಾವ್. ಮರುವರ್ಷವೇ ಅವರು ಸಖಾಲಿನ್ ದ್ವೀಪಕ್ಕೆ, ರಷ್ಯದ ಕೈದಿಗಳನ್ನು ಗಡೀಪಾರು ಮಾಡುತ್ತಿದ್ದ ಜಾಗಕ್ಕೆ, ಹೊರಟರು. ಸೈಬೀರಿಯಾದ ರೈಲು ದಾರಿ ಇನ್ನೂ ಬಂದಿರಲಿಲ್ಲ. ಸಾವಿರಾರು ಕಿಲೋಮೀಟರು ಕುದುರೆ ಗಾಡಿಯಲ್ಲಿ, ಕೆಸರಿನಲ್ಲಿ. ಅಲ್ಲಿ ಮೂರು ತಿಂಗಳಿದ್ದು ಸುಮಾರು 10,000 ಜನರ ವಿವರವನ್ನು ಕಾರ್ಡುಗಳಲ್ಲಿ ಬರೆದುಕೊಂಡರು. ಶ್ವಾಸಕೋಶದ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟ ಪ್ರಯಾಣ ಇರಲಿಕ್ಕಿಲ್ಲ.

ಹಿಂತಿರುಗಿದ್ದು ಹಡಗಿನಲ್ಲಿ, ಹಾಂಗ್‌ಕಾಂಗ್, ಸಿಂಗಾಪುರ, ಸಿಲೋನ್ ದಾರಿಯಾಗಿ. ಮಧ್ಯೆ ಹಡಗಿನಲ್ಲಿ ಸತ್ತ ಇಬ್ಬರನ್ನು ಬಟ್ಟೆಯಲ್ಲಿ ಸುತ್ತಿ ಸಮುದ್ರಕ್ಕೆ ಬಿಟ್ಟಿದ್ದನ್ನು ನೋಡಿದರು. ಆ ವರ್ಷವೇ ಬರೆದ ‘ಗುಸೆವ್’ ಕತೆಯಲ್ಲಿ ಕ್ಷಯದ ಸಿಪಾಯಿಯೊಬ್ಬ ಊರಿನ ಕನಸು ಕಾಣುತ್ತ ಹಡಗಿನ ಆಸ್ಪತ್ರೆಯಲ್ಲಿ ಸಾಯುತ್ತಾನೆ. ಹಾಯಿಬಟ್ಟೆಯಲ್ಲಿ ಹೊಲಿದ ಹೆಣ ನೀರಿಗೆ ಬೀಳುತ್ತದೆ, ಶಾರ್ಕ್ ಮೀನು ಬರುತ್ತದೆ, ಮೇಲೆ ಸಂಜೆಯ ಆಕಾಶ ತನ್ನ ಪಾಡಿಗೆ ಬಣ್ಣ ಬದಲಿಸುತ್ತದೆ. ಸಾಯುವವನಿಗೆ ಕೊನೆಗೆ ಯಾವ ಜ್ಞಾನವೂ ಹುಟ್ಟುವುದಿಲ್ಲ. ಪತ್ರಗಳಲ್ಲಿ ಮುಚ್ಚಿಟ್ಟದ್ದನ್ನು ಕತೆಯಲ್ಲಿ ಅಷ್ಟು ನಿಚ್ಚಳವಾಗಿ ನೋಡಿದ್ದರು.

1892ರಲ್ಲಿ ಮೆಲಿಖೊವೊ ಹಳ್ಳಿಯಲ್ಲಿ ಜಮೀನು ಕೊಂಡರು. ಕಾಲರಾ ಭಯದ ಆ ವರ್ಷ ಸಂಬಳವಿಲ್ಲದೆ 25 ಹಳ್ಳಿಗಳ ಹೊಣೆ ಹೊತ್ತರು. ಮೂರು ಶಾಲೆ ಕಟ್ಟಿಸಿದರು.

ಮಾರ್ಚ್ 1897ರಲ್ಲಿ ಮಾಸ್ಕೋದ ಹೋಟೆಲಿನಲ್ಲಿ ಸುವೊರಿನ್ ಜೊತೆ ಊಟಕ್ಕೆ ಕುಳಿತಾಗ ರಕ್ತ ಸುರಿಯತೊಡಗಿತು, ನಿಲ್ಲಲಿಲ್ಲ. ಕ್ಲಿನಿಕ್‌ಗೆ ಸೇರಿಸಿದರು. ಮೊದಲ ರಕ್ತ ಕಂಡು ಹನ್ನೆರಡು ವರ್ಷದ ಮೇಲೆ ವೈದ್ಯರು ಶ್ವಾಸಕೋಶದ ಮೇಲ್ತುದಿಗಳಲ್ಲಿ ಕ್ಷಯ ಎಂದು ಬರೆದರು. ನೋಡಲು ಬಂದ ಟಾಲ್‌ಸ್ಟಾಯ್ ಹಾಸಿಗೆಯ ಪಕ್ಕ ಕುಳಿತು ಆತ್ಮದ ಅಮರತ್ವದ ಬಗ್ಗೆ ಮಾತಾಡಿದರು. ಚೆಕಾವ್ ಒಪ್ಪಲಿಲ್ಲ. ತನ್ನದೆಂಬುದೆಲ್ಲ ಕರಗಿ ಯಾವುದೋ ಆಕಾರವಿಲ್ಲದ ಮುದ್ದೆಯಲ್ಲಿ ಸೇರಿಹೋಗುವಂಥ ಅಮರತ್ವ ಅವರಿಗೆ ಬೇಡವಾಗಿತ್ತು. ಆ ಸಂಜೆಯ ಮಾತಿನ ನಂತರ ಬೆಳಗಿನ ಜಾವ ಮತ್ತೆ ಜೋರಾಗಿ ರಕ್ತ ಹೋಯಿತು. ಕಾಯಿಲೆಯವರ ಬಳಿ ಹೋಗುವಾಗ ದೊಡ್ಡ ಮಾತು ಒಯ್ಯುವವರು ನಮ್ಮಲ್ಲೂ ಕಡಿಮೆಯಿಲ್ಲ.

ರೋಗ ಬಯಲಾದ ಮೇಲೆ ಅವರು ಸಂತರಾಗಲಿಲ್ಲ. ಬೆಚ್ಚಗಿನ ಯಾಲ್ಟಾ ಊರಿಗೆ ಹೋಗಿ ಮನೆ ಕಟ್ಟಿಸಿದರು, ಬರಡು ನೆಲದಲ್ಲಿ ಹಣ್ಣಿನ ಗಿಡ, ಗುಲಾಬಿ ನೆಟ್ಟರು. ಯಾಲ್ಟಾ ಅವರಿಗೆ ಬೇಸರ ತರುತ್ತಿತ್ತು, ಅದನ್ನು ಬಾಯಿಬಿಟ್ಟೇ ಹೇಳುತ್ತಿದ್ದರು. ಅಲ್ಲಿಗೆ ಬರಿಗೈಯಲ್ಲಿ ಬರುತ್ತಿದ್ದ ಬಡ ಕ್ಷಯರೋಗಿಗಳಿಗಾಗಿ ಚಂದಾ ಎತ್ತಿದರು. 1901ರಲ್ಲಿ ನಟಿ ಓಲ್ಗಾ ಕ್ನಿಪ್ಪರ್ ಅವರನ್ನು ಮದುವೆಯಾಗಿ, ನವದಂಪತಿ ನೇರ ಹೋದದ್ದು ಸ್ಯಾನಟೋರಿಯಂಗೆ. ಹುಳಿ ಬರಿಸಿದ ಕುದುರೆ ಹಾಲು ಕುಡಿಯುವುದು ಅಲ್ಲಿನ ಚಿಕಿತ್ಸೆ. ಸ್ವಲ್ಪ ತೂಕ ಹೆಚ್ಚಿತು, ಕಾಯಿಲೆ ಹೋಗಲಿಲ್ಲ. ‘ಚೆರಿ ಆರ್ಚರ್ಡ್’ ಬರೆಯುವ ಹೊತ್ತಿಗೆ ದಿನಕ್ಕೆ ಕೆಲವೇ ಸಾಲು ಸಾಗುತ್ತಿತ್ತು. ಆದರೂ ಅದನ್ನು ಅವರು ಕಾಮೆಡಿ ಎಂದೇ ಕರೆದರು.

1904ರ ಬೇಸಿಗೆಯಲ್ಲಿ ಜರ್ಮನಿಯ ಬಾಡೆನ್‌ವೈಲರ್‌ಗೆ ಹೋದರು. ಜುಲೈ 15ರ ನಸುಕಿಗೆ ಮುನ್ನ, ನಡುರಾತ್ರಿ ಕಳೆದ ಮೇಲೆ ಉಸಿರು ಕಟ್ಟಿದಾಗ ಡಾಕ್ಟರನ್ನು ಕರೆಸಲು ತಾವಾಗಿಯೇ ಹೇಳಿದರು. ಹಾಗೆ ಕೇಳಿದ್ದು ಅದೇ ಮೊದಲು ಎಂದು ಓಲ್ಗಾ ಬರೆದಿದ್ದಾರೆ. ಡಾಕ್ಟರ್ ಕರ್ಪೂರದ ಇಂಜೆಕ್ಷನ್ ಕೊಟ್ಟರು. ಹೃದಯ ಸೋತಾಗ ಆ ಕಾಲದಲ್ಲಿ ಕೊಡುತ್ತಿದ್ದದ್ದು ಅದು. ನಂತರ ಶಾಂಪೇನ್ ತರಿಸಿದರು. ತಾನು ಸಾಯುತ್ತಿದ್ದೇನೆ ಎಂದು ಚೆಕಾವ್ ಡಾಕ್ಟರಿಗೆ ಜರ್ಮನ್ ಭಾಷೆಯಲ್ಲಿ ತಿಳಿಸಿ, ಗ್ಲಾಸ್ ಖಾಲಿ ಮಾಡಿ, ಎಡಕ್ಕೆ ಹೊರಳಿ ಮಲಗಿದರು. 44 ವರ್ಷ. ದೇಹ ಮಾಸ್ಕೋ ತಲುಪಿದ್ದು ಸಿಂಪಿ ಮೀನು ಸಾಗಿಸುವ ಶೀತಲ ರೈಲು ಬೋಗಿಯಲ್ಲಿ.