ಸುತ್ತಿಗೆಯ ಏಟಿನಲ್ಲಿ ಸಿಕ್ಕ ಪ್ರಶ್ನೆ

ಪಿಎಚ್.ಡಿ ಎಂದ ಕೂಡಲೇ ನಮಗೆ ನೆನಪಾಗುವುದು ಗೈಡ್, ಪ್ರವೇಶ ಪರೀಕ್ಷೆ, ಫೆಲೋಶಿಪ್, ದಪ್ಪ ರಟ್ಟಿನ ಥೀಸಿಸ್, ಕೊನೆಗೊಂದು ವೈವಾ. ಆದರೆ ಥೀಸಿಸ್ ಮಂಡಿಸದೆಯೇ ಡಾಕ್ಟರೇಟ್ ಪಡೆದ ವಿಜ್ಞಾನಿಯೊಬ್ಬರಿದ್ದರು. ಅದುವರೆಗೆ ಮಾಡಿದ್ದ ಕೆಲಸವನ್ನೇ ನೋಡಿ 1935ರಲ್ಲಿ ಸೋವಿಯತ್ ಒಕ್ಕೂಟ ಅವರಿಗೆ ಡಾಕ್ಟರ್ ಆಫ್ ಸೈನ್ಸ್ ಪದವಿ ಕೊಟ್ಟಿತು. ಅವರ ಹೆಸರು ನಿಕೊಲಾಯ್ ಬರ್ನ್‌ಸ್ಟೈನ್. ಮನುಷ್ಯ ಹೇಗೆ ಕೈಕಾಲು ಆಡಿಸುತ್ತಾನೆ, ಮಿದುಳು ಅದನ್ನು ಹೇಗೆ ನಡೆಸುತ್ತದೆ ಎಂದು ಅಧ್ಯಯನ ಮಾಡುವ ಕಿನೇಸಿಯಾಲಜಿ ಮತ್ತು ಚಲನೆಯ ನರವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಅವರು ಪ್ರಮುಖರು.

ನಾನು ಫಿಸಿಯೋಥೆರಪಿ ಓದಿದವಳು. ಪಾರ್ಶ್ವವಾಯು ಆದವರಿಗೆ ಮತ್ತೆ ಲೋಟ ಹಿಡಿಯಲು, ಹೆಜ್ಜೆ ಇಡಲು ಕಲಿಸುವುದು ನನ್ನ ಕೆಲಸ. ಇದೇ ವಿಷಯದಲ್ಲಿ ಪಿಎಚ್.ಡಿ ಮಾಡಬೇಕೆಂಬ ಆಸೆ ಇದೆ. ಕೈಯಲ್ಲಿ ಕೆಲಸ ಇರುವಾಗ ಇನ್ನೂ ನಾಲ್ಕೈದು ವರ್ಷ ಓದಿ ಏನು ಸಿಗುತ್ತದೆ ಎಂದು ಮನೆಯಲ್ಲಿ ಕೇಳುತ್ತಾರೆ. ಅವರು ಕೇಳುವುದರಲ್ಲಿ ತಪ್ಪೇನಿಲ್ಲ. ಸರಿಯಾದ ಉತ್ತರ ನನ್ನಲ್ಲೂ ಇರಲಿಲ್ಲ. ಬರ್ನ್‌ಸ್ಟೈನ್ ಅವರ ಬದುಕನ್ನು ಓದಿದ್ದು ಆ ಹುಡುಕಾಟದಲ್ಲೇ.

ಅವರು ಹುಟ್ಟಿದ್ದು 1896ರಲ್ಲಿ, ಮಾಸ್ಕೋದಲ್ಲಿ. ತಂದೆ ಮನೋವೈದ್ಯರು. ಚಿಕ್ಕಪ್ಪ ಸೆರ್ಗೆಯ್ ಬರ್ನ್‌ಸ್ಟೈನ್ ಹೆಸರಾಂತ ಗಣಿತಜ್ಞರು. 1919ರಲ್ಲಿ ವೈದ್ಯಕೀಯ ಮುಗಿಸಿದಾಗ ರಷ್ಯಾದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಯುವ ಡಾಕ್ಟರ್ ಸೇನೆಯ ವೈದ್ಯರಾದರು. ಅಲ್ಲಿಂದ ಬಂದ ಮೇಲೆ, 1922ರಲ್ಲಿ, ಮಾಸ್ಕೋದ ಕೇಂದ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು.

ಆ ಸಂಸ್ಥೆಯನ್ನು ಕಟ್ಟಿದವರು ಅಲೆಕ್ಸೇಯ್ ಗಾಸ್ತೆವ್ ಎಂಬ ಕವಿ. ಹಳ್ಳಿಗಳಿಂದ ಬಂದ ಲಕ್ಷಾಂತರ ಜನರನ್ನು ಬೇಗ ಬೇಗ ಕಾರ್ಖಾನೆಯ ಕೆಲಸಕ್ಕೆ ಪಳಗಿಸಬೇಕೆಂಬುದು ಅವರ ಕನಸು. ಉಳಿಯ ಮೇಲೆ ಸುತ್ತಿಗೆ ಬೀಸಲು ಒಂದೇ ಒಂದು ಸರಿಯಾದ ರೀತಿ ಇರಬೇಕು, ಅದನ್ನು ಕಂಡುಹಿಡಿದು ಎಲ್ಲರಿಗೂ ಕಲಿಸಿದರೆ ಆಯಿತು ಎಂಬ ಲೆಕ್ಕಾಚಾರ ಅಲ್ಲಿತ್ತು. ಅದನ್ನು ಅಳೆಯುವ ಕೆಲಸ ಬರ್ನ್‌ಸ್ಟೈನ್ ಪಾಲಿಗೆ ಬಂತು.

ಅವರು ಕೆಲಸಗಾರರ ಭುಜ, ಮೊಣಕೈ, ಮಣಿಕಟ್ಟು ಮತ್ತು ಸುತ್ತಿಗೆಗೆ ಪುಟ್ಟ ಬಲ್ಬುಗಳನ್ನು ಕಟ್ಟಿದರು. ಕ್ಯಾಮೆರಾದ ಮುಂದೆ ತೂತುಗಳಿರುವ ತಟ್ಟೆಯೊಂದು ತಿರುಗುತ್ತಿತ್ತು. ಹೀಗಾಗಿ ಪ್ರತಿಯೊಂದು ಬಲ್ಬಿನ ದಾರಿ ಚುಕ್ಕಿಗಳ ಸಾಲಾಗಿ ಫಿಲ್ಮಿನ ಮೇಲೆ ಮೂಡುತ್ತಿತ್ತು. ಕ್ಷಣದ ಸಣ್ಣ ಸಣ್ಣ ಭಾಗದಲ್ಲಿ ಯಾವ ಕೀಲು ಎಲ್ಲಿತ್ತು, ಎಷ್ಟು ವೇಗದಲ್ಲಿತ್ತು ಎಂದು ಆ ಚುಕ್ಕಿಗಳಿಂದ ಲೆಕ್ಕ ಹಾಕಬಹುದಿತ್ತು.

ಸಿಕ್ಕ ಫಲಿತಾಂಶ ಸಂಸ್ಥೆ ಬಯಸಿದ್ದಲ್ಲ. ವರ್ಷಗಟ್ಟಲೆ ಪಳಗಿದ ಕೆಲಸಗಾರನ ಸುತ್ತಿಗೆ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬೀಳುತ್ತಿತ್ತು. ಆದರೆ ಅವನ ಭುಜ ಮತ್ತು ಮೊಣಕೈ ಎರಡು ಏಟುಗಳಲ್ಲಿ ಒಂದೇ ರೀತಿ ಚಲಿಸುತ್ತಿರಲಿಲ್ಲ. ಭುಜ ಸ್ವಲ್ಪ ಆಚೀಚೆ ಹೋದರೆ ಮೊಣಕೈ ಅದನ್ನು ಸರಿದೂಗಿಸುತ್ತಿತ್ತು. ಅಂದರೆ ಪಳಗಿದ ಕೈ ಒಂದೇ ಚಲನೆಯನ್ನು ಬಾಯಿಪಾಠ ಮಾಡಿಕೊಂಡಿರುವುದಿಲ್ಲ. ಒಂದೇ ಗುರಿಯನ್ನು ಪ್ರತಿ ಸಲವೂ ಹೊಸದಾಗಿ ಮುಟ್ಟುತ್ತದೆ.

ಇಲ್ಲಿಂದ ಅವರ ಬದುಕಿನ ಪ್ರಶ್ನೆ ಹುಟ್ಟಿತು. ನಮ್ಮ ಒಂದು ತೋಳನ್ನೇ ನೋಡಿ. ಬೆರಳುಗಳನ್ನು ಬಿಟ್ಟರೂ ಭುಜ ಮೂರು ರೀತಿ, ಮೊಣಕೈ ಒಂದು ರೀತಿ, ಮುಂಗೈ ಒಂದು ರೀತಿ, ಮಣಿಕಟ್ಟು ಎರಡು ರೀತಿ ತಿರುಗುತ್ತವೆ. ಒಟ್ಟು 7. ಒಂದು ವಸ್ತುವನ್ನು ಬೇಕಾದ ಜಾಗದಲ್ಲಿ, ಬೇಕಾದ ದಿಕ್ಕಿಗೆ ಹಿಡಿಯಲು 6 ಸಾಕು. ಹೀಗೆ ಒಂದು ಹೆಚ್ಚಿಗೆ ಇರುವುದರಿಂದ ಒಂದೇ ಲೋಟವನ್ನು ಹಿಡಿಯಲು ಲೆಕ್ಕವಿಲ್ಲದಷ್ಟು ದಾರಿಗಳಿವೆ. ಅವುಗಳಲ್ಲಿ ಒಂದನ್ನು ಮಿದುಳು ಹೇಗೆ ಆರಿಸಿಕೊಳ್ಳುತ್ತದೆ? ಈ ಕ್ಷೇತ್ರದವರು ಇದನ್ನು ಡಿಗ್ರೀಸ್ ಆಫ್ ಫ್ರೀಡಂ ಸಮಸ್ಯೆ ಎನ್ನುತ್ತಾರೆ. ಬರ್ನ್‌ಸ್ಟೈನ್ ಸಮಸ್ಯೆ ಎಂದೂ ಕರೆಯುತ್ತಾರೆ.

ಮುಂದೆ ಅವರು ನಡಿಗೆ, ಓಟ, ಪಿಯಾನೊ ನುಡಿಸುವವರ ಕೈಗಳನ್ನೂ ಇದೇ ರೀತಿ ಅಳೆದರು. 1935ರಲ್ಲಿ ಬಂದ ಪ್ರಬಂಧದಲ್ಲಿ ಇನ್ನೂ ಮುಂದೆ ಹೋದರು. ಮಿದುಳಿನಿಂದ ಸ್ನಾಯುವಿಗೆ ಹೋಗುವ ಆಜ್ಞೆ ಒಂದೇ ಆಗಿದ್ದರೂ, ತೋಳು ಆಗ ಯಾವ ಭಂಗಿಯಲ್ಲಿದೆ, ಯಾವ ವೇಗದಲ್ಲಿದೆ ಎಂಬುದರ ಮೇಲೆ ಫಲಿತಾಂಶ ಬೇರೆಯಾಗುತ್ತದೆ. ಆದ್ದರಿಂದ ಆಜ್ಞೆ ಕಳಿಸಿದರಷ್ಟೇ ಸಾಲದು. ಕೈ ಎಲ್ಲಿದೆ ಎಂಬ ಸುದ್ದಿ ಸ್ನಾಯು, ಕೀಲು, ಕಣ್ಣುಗಳಿಂದ ಮಿದುಳಿಗೆ ವಾಪಸ್ ಬರುತ್ತಲೇ ಇರಬೇಕು, ಮಿದುಳು ತಿದ್ದುತ್ತಲೇ ಇರಬೇಕು. ಇಂದು ನಾವು ಫೀಡ್‌ಬ್ಯಾಕ್ ಎನ್ನುವ ಈ ವಿಚಾರವನ್ನು ಜಗತ್ತಿಗೆ ಪರಿಚಯಿಸಿದ ನಾರ್ಬರ್ಟ್ ವೀನರ್ ಅವರ ಸೈಬರ್ನೆಟಿಕ್ಸ್ ಪುಸ್ತಕ ಬಂದಿದ್ದು 1948ರಲ್ಲಿ.

ಇದೇ ವಿಚಾರ ಅವರನ್ನು ಕಷ್ಟಕ್ಕೂ ದೂಡಿತು. ಆಗ ಸೋವಿಯತ್ ಶರೀರವಿಜ್ಞಾನದಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ನೊಬೆಲ್ ವಿಜೇತ ಇವಾನ್ ಪಾವ್ಲೊವ್ ಅವರದು. ಪ್ರಚೋದನೆ ಬಂದರೆ ಪ್ರತಿಕ್ರಿಯೆ ಎಂಬ ಚೌಕಟ್ಟು ಅವರದು. ಮನುಷ್ಯ ಸುಮ್ಮನೆ ಪ್ರತಿಕ್ರಿಯಿಸುವ ಯಂತ್ರವಲ್ಲ, ಮುಂದಿನ ಗುರಿಯನ್ನು ಕಲ್ಪಿಸಿಕೊಂಡು ಚಲಿಸುತ್ತಾನೆ ಎಂಬುದು ಬರ್ನ್‌ಸ್ಟೈನ್ ವಾದ. ಪಾವ್ಲೊವ್ ಅವರ ವಿಚಾರಗಳನ್ನು ಪ್ರಶ್ನಿಸಿ ಒಂದು ಪುಸ್ತಕವನ್ನೇ ಬರೆದರು. ಅದು ಅಚ್ಚಿಗೆ ಸಿದ್ಧವಾಗಿದ್ದಾಗ, 1936ರಲ್ಲಿ ಪಾವ್ಲೊವ್ ತೀರಿಕೊಂಡರು. ಉತ್ತರ ಕೊಡಲು ಎದುರಾಳಿಯೇ ಇಲ್ಲದ ಮೇಲೆ ವಾದ ಹೂಡುವುದು ಸರಿಯಲ್ಲವೆಂದು ಬರ್ನ್‌ಸ್ಟೈನ್ ಆ ಪುಸ್ತಕವನ್ನು ತಡೆಹಿಡಿದರು. ಅದು ಬೆಳಕು ಕಂಡಿದ್ದು 2003ರಲ್ಲಿ!

ಎರಡನೇ ಮಹಾಯುದ್ಧದ ಹೊತ್ತಿಗೆ ಈ ವಿದ್ಯೆಯ ಬೆಲೆ ಗೊತ್ತಾಯಿತು. ಗಾಯಗೊಂಡು ಕೈಯ ಚಲನೆ ಕಳೆದುಕೊಂಡ ಸೈನಿಕರಿಗೆ ಚಿಕಿತ್ಸೆ ಕೊಡುವಾಗ ಸೋವಿಯತ್ ಮನೋವಿಜ್ಞಾನಿಗಳು ಅವರ ವಿಚಾರಗಳನ್ನು ಬಳಸಿದರು. ಸುಮ್ಮನೆ ಕೈ ಎತ್ತು ಎಂದರೆ ಎತ್ತಲಾಗದವನು, ಎದುರಿಗಿರುವ ವಸ್ತುವನ್ನು ತೆಗೆದುಕೋ ಎಂದಾಗ ಹೆಚ್ಚು ಎತ್ತರಕ್ಕೆ ಎತ್ತುತ್ತಿದ್ದ. ಗುರಿ ಬದಲಾದರೆ ಚಲನೆಯೂ ಬದಲಾಗುತ್ತದೆ. ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು, ಏಕೆಂದರೆ ವಾರ್ಡಿನಲ್ಲಿ ನಾನು ಇದನ್ನು ಕಣ್ಣಾರೆ ನೋಡಿದ್ದೆ.

1947ರಲ್ಲಿ ಚಲನೆಗಳ ರಚನೆಯ ಬಗ್ಗೆ ಅವರ ದೊಡ್ಡ ಪುಸ್ತಕ ಬಂತು. ಮರುವರ್ಷ ಅದಕ್ಕೆ ಸ್ಟಾಲಿನ್ ಪ್ರಶಸ್ತಿಯೂ ಬಂತು. ಆದರೆ ಆ ಸುಖ ಬಹಳ ದಿನ ಉಳಿಯಲಿಲ್ಲ. ಯಹೂದಿ ಮೂಲದ ಬುದ್ಧಿಜೀವಿಗಳ ಮೇಲೆ ಆಗ ಹರಿಹಾಯುತ್ತಿದ್ದ ಪ್ರಚಾರಕ್ಕೆ ಅವರೂ ಗುರಿಯಾದರು. 1950ರಲ್ಲಿ ನಡೆದ ಕುಖ್ಯಾತ ವಿಜ್ಞಾನ ಅಧಿವೇಶನದಲ್ಲಿ ಪಾವ್ಲೊವ್ ಸಿದ್ಧಾಂತವೇ ಏಕೈಕ ಸತ್ಯ ಎಂದಾಯಿತು. ಬರ್ನ್‌ಸ್ಟೈನ್ ಪ್ರಯೋಗಾಲಯ ಕಳೆದುಕೊಂಡರು. ಜನಸಾಮಾನ್ಯರಿಗಾಗಿ ಬರೆದಿದ್ದ, ಚಾಕಚಕ್ಯತೆಯ ಕುರಿತ ಪುಸ್ತಕವೂ ನಿಂತುಹೋಯಿತು. ವಿದೇಶಿ ಲೇಖನಗಳ ಸಾರಾಂಶ ಬರೆದುಕೊಡುವ ಕೆಲಸದಿಂದ ಜೀವನ ಸಾಗಬೇಕಾಯಿತು.

ನನ್ನನ್ನು ತಡೆದು ನಿಲ್ಲಿಸಿದ್ದು ಈ ಘಟ್ಟ. ಡಾಕ್ಟರೇಟ್ ಇತ್ತು, ಪ್ರಶಸ್ತಿ ಇತ್ತು, ಆದರೆ ಕ್ಯಾಮೆರಾ ಇಲ್ಲ, ಪ್ರಯೋಗಾಲಯ ಇಲ್ಲ, ಸಹಾಯಕರಿಲ್ಲ. ವಯಸ್ಸು ಐವತ್ತು ದಾಟಿತ್ತು. ಆದರೂ ಅವರು ಮನೆಯಲ್ಲೇ ಕುಳಿತು ಯೋಚಿಸಿದರು, ಗಣಿತ ಓದಿದರು, ಬರೆದರು. ಸ್ಟಾಲಿನ್ ಕಾಲ ಮುಗಿದು ಸೈಬರ್ನೆಟಿಕ್ಸ್‌ಗೆ ಮನ್ನಣೆ ಬಂದಾಗ ಯುವ ಗಣಿತಜ್ಞರು, ಶರೀರವಿಜ್ಞಾನಿಗಳು ಅವರನ್ನು ಹುಡುಕಿಕೊಂಡು ಬಂದರು. ತಮಗೆ ಯಕೃತ್ತಿನ ಕ್ಯಾನ್ಸರ್ ಇದೆಯೆಂದು ತಾವೇ ಪತ್ತೆಹಚ್ಚಿಕೊಂಡು, ಉಳಿದ ಸಮಯವನ್ನು ಅಂದಾಜು ಮಾಡಿ, ಕೊನೆಯ ಪುಸ್ತಕ ಮುಗಿಸಿದರೆಂದು ಹತ್ತಿರದವರು ನೆನೆಯುತ್ತಾರೆ. 1966ರ ಜನವರಿಯಲ್ಲಿ ತೀರಿಕೊಂಡರು. ಅವರ ಲೇಖನಗಳ ಇಂಗ್ಲಿಷ್ ಸಂಕಲನ ಬಂದಿದ್ದು ಮರುವರ್ಷ, ಚಾಕಚಕ್ಯತೆಯ ಪುಸ್ತಕ ರಷ್ಯನ್ನಿನಲ್ಲಿ ಬಂದಿದ್ದು 1991ರಲ್ಲಿ.

ಇಂದು ಈ ವಿಷಯದಲ್ಲಿ ಸಂಶೋಧನೆ ಮಾಡುವವರು ಬಲ್ಬಿನ ಬದಲು ಬೆಳಕು ಪ್ರತಿಫಲಿಸುವ ಮಾರ್ಕರ್‌ಗಳನ್ನು ಅಂಟಿಸುತ್ತಾರೆ, ಸ್ನಾಯುಗಳ ವಿದ್ಯುತ್ ಸಂಕೇತವನ್ನು ದಾಖಲಿಸುತ್ತಾರೆ. ಅಮೆರಿಕ, ಕೆನಡಾಗಳಲ್ಲಿ ಕಿನೇಸಿಯಾಲಜಿಗೇ ಪ್ರತ್ಯೇಕ ವಿಭಾಗಗಳಿವೆ. ನಮ್ಮಲ್ಲಿ ಫಿಸಿಯೋಥೆರಪಿ, ಬಯೋಮೆಕ್ಯಾನಿಕ್ಸ್, ನರವಿಜ್ಞಾನದ ಹೆಸರಿನಲ್ಲಿ ಇದೇ ಬಾಗಿಲು ತೆರೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ನರವಿಜ್ಞಾನ ಕೇಂದ್ರವಿದೆ. ಎಂಜಿನಿಯರಿಂಗ್, ಗಣಿತ, ಕ್ರೀಡೆ ಓದಿದವರಿಗೂ ಇಲ್ಲಿ ಜಾಗವಿದೆ. ಆದರೆ ಗಣಿತಕ್ಕೆ ಹೆದರುವಂತಿಲ್ಲ. ವೈದ್ಯರಾಗಿದ್ದ ಬರ್ನ್‌ಸ್ಟೈನ್ ಅವರೇ ಅದನ್ನು ಕಲಿತು ಬಳಸಿದರು.

ನನ್ನ ಪ್ರಶ್ನೆ ಇದು. ಪಾರ್ಶ್ವವಾಯು ಆದ ಅನೇಕರು ಲೋಟ ಹಿಡಿಯಲು ಕೈ ಚಾಚುವ ಬದಲು ಇಡೀ ಮೈಯನ್ನೇ ಮುಂದಕ್ಕೆ ಬಾಗಿಸುತ್ತಾರೆ. ಅದನ್ನು ತಪ್ಪೆಂದು ತಡೆಯಬೇಕೇ, ಅಥವಾ ಪೆಟ್ಟುಬಿದ್ದ ಮಿದುಳು ಕಂಡುಕೊಂಡ ಹೊಸ ದಾರಿಯೆಂದು ಬಿಡಬೇಕೇ? ಯಾರಿಗೆ ತಡೆಯಬೇಕು, ಯಾರಿಗೆ ಬಿಡಬೇಕು? ದಿನವೂ ರೋಗಿಯ ಪಕ್ಕ ನಿಂತು ನಾನು ಇದನ್ನು ಅಂದಾಜಿನ ಮೇಲೆ ನಿರ್ಧರಿಸುತ್ತೇನೆ. ಅಳೆದು ನೋಡಿ ನಿರ್ಧರಿಸುವಂತಾಗಬೇಕು. ಐದು ವರ್ಷ ಓದಿ ಏನು ಸಿಗುತ್ತದೆ ಎಂದು ಕೇಳುವವರಿಗೆ ಈಗ ನಾನು ಸಂಬಳದ ಲೆಕ್ಕ ಹೇಳಲು ಹೋಗುವುದಿಲ್ಲ, ಈ ಪ್ರಶ್ನೆಯನ್ನೇ ವಿವರಿಸುತ್ತೇನೆ. ಪಿಎಚ್.ಡಿಗೆ ಅರ್ಜಿ ಹಾಕಲು ಹೊರಟಿರುವ ಗೆಳೆಯರೇ, ಸಂಸ್ಥೆಗಳ ಪಟ್ಟಿ ಮಾಡುವ ಮೊದಲು ನಿಮ್ಮ ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಲ್ಯಾಬ್ ಇಲ್ಲದಿದ್ದರೂ ಅದು ನಿಮ್ಮನ್ನು ಕಾಡುತ್ತದೆಯೇ ಎಂದು ಕೇಳಿಕೊಳ್ಳಿ.